ಮರುಭೂಮಿಯ ಕಣಿವೆಗೆ ಯಾವ ಲೆನ್ಸ್? ಕರಾವಳಿಯಿಂದ ಹೊರಡುವವರಿಗೆ

ಮಂಗಳೂರು, ಉಡುಪಿ ಕಡೆ ಕ್ಯಾಮೆರಾ ಹಿಡಿದು ದುಡಿಯುವವರ ಬ್ಯಾಗ್‌ನಲ್ಲಿ ಸಾಮಾನ್ಯವಾಗಿ ಮೂರು ಲೆನ್ಸ್ ಇರುತ್ತವೆ. ಮದುವೆ ಹಾಲ್‌ಗೆ 24-70 ಎಫ್/2.8, ಯಕ್ಷಗಾನಕ್ಕೂ ಭೂತದ ನೇಮಕ್ಕೂ 70-200 ಎಫ್/2.8, ಜತೆಗೊಂದು 50 ಎಫ್/1.8. (ಮೊದಲ ಸಂಖ್ಯೆ ಮಿ.ಮೀ.ನಲ್ಲಿ ಫೋಕಲ್ ಲೆಂತ್: ಕಡಿಮೆಯಾದಷ್ಟೂ ವೈಡ್, ಎಂದರೆ ಅಗಲ ನೋಟ; ಹೆಚ್ಚಾದಷ್ಟೂ ಟೆಲಿ, ಎಂದರೆ ದೂರದ್ದು ಹತ್ತಿರ. ಎಫ್ ಸಂಖ್ಯೆ ಸಣ್ಣದಾದಷ್ಟೂ ಒಳಬರುವ ಬೆಳಕು ಹೆಚ್ಚು.) ಗಲ್ಫ್‌ನಲ್ಲಿರುವ ಅಣ್ಣನೋ ಭಾವನೋ ಒಮಾನಿನ ಜೆಬೆಲ್ ಶಮ್ಸ್ ಬೆಟ್ಟದ ಕಣಿವೆ ನೋಡಲು ಕರೆದರೆ, ಅಥವಾ ಅಮೆರಿಕದಲ್ಲಿರುವ ಮಗಳ ಮನೆಗೆ ಹೋದಾಗ ಅರಿಜೋನಾದ ಕಣಿವೆಗಳಿಗೂ ಹೋಗೋಣವೆಂದರೆ, ಅಂಗಡಿಯಲ್ಲಿ ಸಿಗುವ ಸಲಹೆ ಒಂದೇ: "ಲ್ಯಾಂಡ್‌ಸ್ಕೇಪ್ ಅಲ್ವಾ ಸರ್, ಆದಷ್ಟು ವೈಡ್ ತಗೊಳ್ಳಿ." ಈ ಸಲಹೆ ಅರ್ಧ ಸರಿ, ಇನ್ನರ್ಧ ದುಡ್ಡು ದಂಡ.

ಕಣಿವೆಯಲ್ಲಿ ಕೆಲಸ ಎರಡು ಬಗೆಯದು. ಒಂದು, ಮೇಲಿನ ಅಂಚಿನಲ್ಲಿ ನಿಂತು ಕೆಳಗಿನ ಆಳವನ್ನೂ ಎದುರಿನ ಗೋಡೆಯನ್ನೂ ತೆಗೆಯುವುದು. ಗ್ರ್ಯಾಂಡ್ ಕ್ಯಾನ್ಯನ್, ಬ್ರೈಸ್, ಜೆಬೆಲ್ ಶಮ್ಸ್ ಎಲ್ಲ ಈ ಜಾತಿ. ಇನ್ನೊಂದು, ಬಂಡೆಯ ಸೀಳಿನೊಳಗೆ ನಡೆದು ತೆಗೆಯುವುದು. ಅರಿಜೋನಾದ ಪೇಜ್ ಊರಿನ ಹತ್ತಿರದ ಆಂಟಿಲೋಪ್ ಕ್ಯಾನ್ಯನ್, ಜೋರ್ಡಾನಿನ ಪೆಟ್ರಾದ ಸಿಕ್ ಈ ಜಾತಿ. ಮೇಲೆ ನಿಂತವರಿಗೆ ಟೆಲಿ ಬೇಕಾಗುತ್ತದೆ, ಒಳಗೆ ಇಳಿದವರಿಗೆ ಮಧ್ಯಮ ಜೂಮ್. ಅಲ್ಟ್ರಾ ವೈಡ್ ಇವೆರಡರ ನಂತರ ಬರುವ ಮೂರನೆಯ ಲೆನ್ಸ್. ಮೊದಲು ಅದನ್ನೇ ಕೊಳ್ಳುವವರೇ ಹೆಚ್ಚು ಎಂಬುದೇ ತಕರಾರು.

ಲೆಕ್ಕ ಹಾಕಿ ನೋಡಿ. ಗ್ರ್ಯಾಂಡ್ ಕ್ಯಾನ್ಯನ್‌ನ ಆಳ ಸುಮಾರು 1.6 ಕಿ.ಮೀ., ಅಗಲ ಸರಾಸರಿ 16 ಕಿ.ಮೀ., ಕೆಲವೆಡೆ 29ರವರೆಗೂ ಇದೆ. ಫುಲ್ ಫ್ರೇಮ್, ಎಂದರೆ ಹಳೆಯ 35 ಮಿ.ಮೀ. ಫಿಲ್ಮಿನ ಅಳತೆಯ ಸೆನ್ಸರ್‌ನ ಎತ್ತರ 24 ಮಿ.ಮೀ. ದೂರವನ್ನು 24ರಿಂದ ಗುಣಿಸಿ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಆ ದೂರದಲ್ಲಿ ಎಷ್ಟು ಎತ್ತರ ಫ್ರೇಮಿನೊಳಗೆ ಬರುತ್ತದೆಂದು ಗೊತ್ತಾಗುತ್ತದೆ. 16 ಮಿ.ಮೀ. ಹಾಕಿದರೆ 16 ಕಿ.ಮೀ. ಆಚೆ 24 ಕಿ.ಮೀ. ಎತ್ತರದ ಜಾಗ ಬಂತು. ಅದರಲ್ಲಿ 1.6 ಕಿ.ಮೀ. ಗೋಡೆ ಎಂದರೆ ಫ್ರೇಮಿನ ಹದಿನೈದರಲ್ಲಿ ಒಂದು ಪಾಲು. ಉಳಿದದ್ದೆಲ್ಲ ಖಾಲಿ ಆಕಾಶ, ಕಾಲಡಿಯ ಕಲ್ಲು. ಕಣ್ಣೆದುರು ಉಸಿರು ನಿಲ್ಲಿಸಿದ ಗೋಡೆ ಫೋಟೋದಲ್ಲಿ ಒಂದು ಗೆರೆಯಾಗಿ ಕೂತಿರುತ್ತದೆ. ಅದೇ ಜಾಗದಲ್ಲಿ 70 ಮಿ.ಮೀ. ಹಾಕಿದರೆ ಗೋಡೆ ಫ್ರೇಮಿನ ಶೇ. 29ರಷ್ಟು ಎತ್ತರ ತುಂಬುತ್ತದೆ, 200ಕ್ಕೆ ಹೋದರೆ ಶೇ. 83. ಬೆಳಗ್ಗಿನ ಓರೆ ಬಿಸಿಲು ಒಂದು ದಿಬ್ಬದ ಮೇಲೆ ಬಿದ್ದು ಪಕ್ಕದ ದಿಬ್ಬ ಇನ್ನೂ ನೀಲಿ ನೆರಳಿನಲ್ಲಿರುವಾಗ, ಆ ಪದರಗಳನ್ನು ಒಂದರ ಮೇಲೊಂದು ಒತ್ತಿ ತೋರಿಸುವುದು 100ರಿಂದ 200ರ ನಡುವಿನ ಕೆಲಸ.

ಆದ್ದರಿಂದ ಯಕ್ಷಗಾನಕ್ಕೆಂದು ಕೊಂಡ 70-200ನ್ನು ಮಾರಬೇಡಿ. ತೂಕವೊಂದೇ ತೊಂದರೆ. ಕ್ಯಾನನ್ ಇಎಫ್ 70-200 ಎಫ್/2.8 ಐಎಸ್ ಮಾರ್ಕ್ 2 ಮತ್ತು 3 ಎರಡೂ ಒಂದೂವರೆ ಕಿಲೋದ ಹತ್ತಿರ, ನಿಕಾನ್‌ನ ಇ ಎಫ್ಎಲ್ 1,430 ಗ್ರಾಂ. ಹಗಲಲ್ಲಿ ಎಫ್/8ರಲ್ಲಿ ತೆಗೆಯುವ ಬಂಡೆಗೆ ಎಫ್/2.8 ಏನೂ ಮಾಡುವುದಿಲ್ಲ. ಎಫ್/4 ಮಾದರಿ ಅರ್ಧ ತೂಕಕ್ಕೆ ಅದೇ ಚಿತ್ರ ಕೊಡುತ್ತದೆ.

ಅಲ್ಟ್ರಾ ವೈಡ್ ಬೇಕೇಬೇಕಾದ ಜಾಗಗಳೂ ಇವೆ. ಹಾರ್ಸ್‌ಶೂ ಬೆಂಡ್‌ನಲ್ಲಿ ಕೊಲರಾಡೋ ನದಿ ಸುಮಾರು 300 ಮೀಟರ್ ಕೆಳಗೆ ಲಾಳದ ಆಕಾರದಲ್ಲಿ ತಿರುಗುತ್ತದೆ. ಅದರ ಎರಡೂ ತೋಳು ಒಂದೇ ಫ್ರೇಮಿಗೆ ಬರಬೇಕಾದರೆ 24 ಸಾಲುವುದು ಕಷ್ಟ, 16ಕ್ಕೆ ಆರಾಮ. ಆದರೆ ಅಂಚಿನಲ್ಲಿ ವೈಡ್ ಹಾಕಿದವರು ಫೋರ್‌ಗ್ರೌಂಡ್‌ಗಾಗಿ ಮುಂದೆ ಮುಂದೆ ಸರಿಯುತ್ತಾರೆ. ಜೆಬೆಲ್ ಶಮ್ಸ್‌ನಲ್ಲಿ ಬಹುಪಾಲು ಅಂಚಿಗೆ ಬೇಲಿಯೇ ಇಲ್ಲ, ಕೆಳಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಆಳ. ವ್ಯೂಫೈಂಡರ್‌ಗೆ ಕಣ್ಣಿಟ್ಟುಕೊಂಡು ಹೆಜ್ಜೆ ಇಡಬಾರದು. ನಿಂತು ಫ್ರೇಮ್ ಮಾಡಿ, ಕಣ್ಣು ತೆಗೆದು ನೆಲ ನೋಡಿ, ಆಮೇಲೆ ಸರಿಯಿರಿ.

ಸೀಳಿನೊಳಗೆ

ಕಿರಿದಾದ ಸೀಳಿನಲ್ಲಿ 14 ಮಿ.ಮೀ. ಹಾಕಿದರೆ ಮೂರು ಬೇಡದ ವಸ್ತುಗಳು ಒಳಗೆ ನುಗ್ಗುತ್ತವೆ: ಮೇಲಿನ ಆಕಾಶದ ಬಿಳಿ ಪಟ್ಟಿ, ಮುಂದಿರುವವರ ತಲೆ, ನೆಲದ ಹೆಜ್ಜೆ ಗುರುತು. ಆಕಾಶದ ಪಟ್ಟಿಯೇ ದೊಡ್ಡ ಶತ್ರು. ಒಳಗಿನ ಗೋಡೆಗೂ ಮೇಲಿನ ಬೆಳಕಿಗೂ ಇರುವ ಅಂತರವನ್ನು ಯಾವ ಸೆನ್ಸರೂ ಒಂದೇ ಶಾಟ್‌ನಲ್ಲಿ ಹಿಡಿಯುವುದಿಲ್ಲ, ಪಟ್ಟಿ ಸುಟ್ಟು ಬಿಳಿಯಾಗುತ್ತದೆ. 24ರಿಂದ 35ರಲ್ಲಿ ಗೋಡೆಯ ತಿರುವು, 50ರಿಂದ 70ರಲ್ಲಿ ಕಲ್ಲಿನ ಗೆರೆ ಮತ್ತು ಬಣ್ಣ: ಸೀಳು ಕಣಿವೆಯ ಒಳ್ಳೆಯ ಚಿತ್ರಗಳಲ್ಲಿ ಹೆಚ್ಚಿನವು ಈ ಅಳತೆಯವು.

ಒಳಗಿನ ಕಿತ್ತಳೆ ಬಣ್ಣ ನೇರ ಬಿಸಿಲಿನದ್ದಲ್ಲ. ಮೇಲಿನ ಬಿಸಿಲು ಒಂದು ಗೋಡೆಗೆ ಬಡಿದು, ಅಲ್ಲಿಂದ ಎದುರಿನ ಗೋಡೆಗೆ, ಮತ್ತೆ ಈ ಕಡೆಗೆ ಎಂದು ಪುಟಿಯುತ್ತ ಇಳಿಯುವಾಗ ಪ್ರತಿ ಬಾರಿಯೂ ಕೆಂಪು ಕಲ್ಲಿನ ಬಣ್ಣ ಹೊತ್ತುಕೊಂಡು ಬರುತ್ತದೆ. ಹತ್ತಿರದ ಗೋಡೆ ಹಳದಿ, ತಿರುವಿನ ಆಚೆ ಕಿತ್ತಳೆ, ಬಿಸಿಲೇ ತಲುಪದೆ ಆಕಾಶದ ಬೆಳಕು ಮಾತ್ರ ಬಿದ್ದ ಮೂಲೆ ನೇರಳೆ. ಆಟೋ ವೈಟ್ ಬ್ಯಾಲೆನ್ಸ್ ಇದನ್ನೆಲ್ಲ ತಪ್ಪೆಂದು ತಿಳಿದು ಬೂದು ಮಾಡಿಬಿಡುತ್ತದೆ. ಡೇಲೈಟ್‌ಗೆ, ಎಂದರೆ 5,200ರಿಂದ 5,500 ಕೆಲ್ವಿನ್‌ಗೆ ಇಟ್ಟು ರಾ ಫೈಲ್‌ನಲ್ಲಿ, ಎಂದರೆ ಕ್ಯಾಮೆರಾ ತಿದ್ದದ ಮೂಲ ರೂಪದಲ್ಲಿ, ತೆಗೆಯಿರಿ.

ಆಂಟಿಲೋಪ್ ಕ್ಯಾನ್ಯನ್ ನವಾಹೋ ಜನರ ನೆಲ. ಗೈಡ್ ಇಲ್ಲದೆ ಬಿಡುವುದಿಲ್ಲ, ಟ್ರೈಪಾಡ್ ಒಳಗೆ ಬಿಡುವುದಿಲ್ಲ, ಬ್ಯಾಗೂ ಇಲ್ಲ. ಲೆನ್ಸ್ ಆಯ್ಕೆಯನ್ನು ಅರ್ಧದಷ್ಟು ಈ ನಿಯಮಗಳೇ ಮುಗಿಸುತ್ತವೆ. ಕ್ಯಾಮೆರಾಕ್ಕೆ ಹಾಕಿಕೊಂಡ ಒಂದು ಲೆನ್ಸ್‌ನಲ್ಲೇ ಒಳಗಿನ ಕೆಲಸ ಪೂರ್ತಿ ಆಗಬೇಕು, ಕೈಯಲ್ಲಿ ಹಿಡಿದೇ ತೆಗೆಯಬೇಕು. ಐಎಸ್ಒ 800ರಿಂದ 1600, ಎಫ್/5.6ರಿಂದ 8, ಶಟರ್ 1/15ರಿಂದ 1/60. ಲೆನ್ಸ್‌ನಲ್ಲೋ ಬಾಡಿಯಲ್ಲೋ ಕೈ ನಡುಕ ಸರಿದೂಗಿಸುವ ಸ್ಟೆಬಿಲೈಸೇಶನ್ ಇದ್ದರೆ ಅದಕ್ಕೇ ಮೊದಲ ಅಂಕ. ಬ್ಯಾಗ್ ಇಲ್ಲದಿದ್ದರೂ ಒಂದು ಬ್ಯಾಟರಿ, ಒಂದು ಕಾರ್ಡ್, ಮೈಕ್ರೋಫೈಬರ್ ಬಟ್ಟೆ ಪ್ಯಾಂಟಿನ ಕಿಸೆಯಲ್ಲಿರಲಿ.

ಮೇಲಿನಿಂದ ಗಾಳಿಗೆ ಸಣ್ಣ ಮರಳು ಸುರಿಯುತ್ತಲೇ ಇರುತ್ತದೆ. ಬಿಸಿಲ ಕೋಲು ಕಾಣಿಸುವುದೇ ಆ ಧೂಳಿನಿಂದ. ಒಳಗೆ ಲೆನ್ಸ್ ಬದಲಿಸಿದವರ ಸೆನ್ಸರ್ ಮೇಲೆ ಅದು ಕೂತು, ಸಂಜೆ ಎಫ್/11ರಲ್ಲಿ ತೆಗೆದ ನೀಲಿ ಆಕಾಶದ ತುಂಬ ಬೂದು ಚುಕ್ಕೆ ಮೂಡುತ್ತದೆ. ಎಫ್/2.8ರಲ್ಲಿ ಮದುವೆ ತೆಗೆಯುವವರಿಗೆ ಇದು ಕಾಣುವುದಿಲ್ಲ, ಆದ್ದರಿಂದ ತಮ್ಮ ಸೆನ್ಸರ್ ಸ್ವಚ್ಛವಾಗಿದೆ ಎಂದೇ ನಂಬಿರುತ್ತಾರೆ. ಹೊರಡುವ ಮೊದಲು ಎಫ್/16 ಇಟ್ಟು, ಫೋಕಸ್ ತಪ್ಪಿಸಿ, ಬಿಳಿ ಗೋಡೆಯದೊಂದು ಚಿತ್ರ ತೆಗೆದು ನೋಡಿದರೆ ನಿಜ ತಿಳಿಯುತ್ತದೆ.

ಯಾವ ಮೌಂಟ್‌ಗೆ ಯಾವ ಜೋಡಿ

ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಬಾಯಿಯೇ ಮೌಂಟ್, ಕಂಪನಿಗೊಂದು ಬಗೆ. ಎರಡೇ ಲೆನ್ಸ್ ಒಯ್ಯಬೇಕು ಎಂಬ ಷರತ್ತಿನಲ್ಲಿ ನೋಡೋಣ. ಮೂರನೆಯದು ಕಾರಿನಲ್ಲೇ ಉಳಿಯುತ್ತದೆ.

ಸೋನಿಯವರಿಗೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು 20-70 ಎಫ್/4 ಜಿ, 2023ರಲ್ಲಿ ಬಂದದ್ದು, 488 ಗ್ರಾಂ. 24ರ ಬದಲು 20ರಿಂದ ಶುರುವಾಗುವುದು ಕಾಗದದಲ್ಲಿ ಸಣ್ಣ ವ್ಯತ್ಯಾಸ, ಸೀಳಿನೊಳಗೆ ದೊಡ್ಡದು. ಮೂಲೆಯಿಂದ ಮೂಲೆಗೆ 84 ಡಿಗ್ರಿ ಇದ್ದದ್ದು 94 ಆಗುತ್ತದೆ, ಹಿಂದೆ ಸರಿಯಲು ಜಾಗವಿಲ್ಲದ ಕಡೆ ಆ ಹತ್ತು ಡಿಗ್ರಿಯೇ ಎಲ್ಲ. ಇದರ ಜತೆ 70-200 ಎಫ್/4 ಜಿ ಓಎಸ್ಎಸ್ ಮಾರ್ಕ್ 2, 794 ಗ್ರಾಂ. ಎರಡಕ್ಕೂ 72 ಮಿ.ಮೀ. ಫಿಲ್ಟರ್, ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಒಂದೇ ಸಾಕು. ಕೊರತೆ ಎಂದರೆ ಎರಡೂ ಜೂಮ್ ಮಾಡುವಾಗ ಉದ್ದವಾಗುತ್ತವೆ. ಧೂಳು ತಡೆಯುವ ಸೀಲಿಂಗ್ ಇದ್ದರೂ ಹೊರಬರುವ ಕೊಳವೆಯ ಮೇಲೆ ಕೂತ ಮರಳನ್ನು ಒರೆಸದೆ ಒಳಗೆ ಎಳೆದರೆ ಕರಕರ ಶಬ್ದ ಗ್ಯಾರಂಟಿ.

ಸೋನಿಗೇ ಕಡಿಮೆ ಬಜೆಟ್‌ನಲ್ಲಿ ಟ್ಯಾಮ್ರಾನ್ 17-28 ಎಫ್/2.8 ಮತ್ತು 28-200 ಎಫ್/2.8-5.6. ಒಂದು 420 ಗ್ರಾಂ, ಇನ್ನೊಂದು 575, ಒಟ್ಟು ಒಂದು ಕಿಲೋದೊಳಗೆ 17ರಿಂದ 200ರವರೆಗೆ ನಡುವೆ ಖಾಲಿಯೇ ಇಲ್ಲದೆ ಮುಗಿಯಿತು. ಎರಡಕ್ಕೂ 67 ಮಿ.ಮೀ. ಫಿಲ್ಟರ್. 17-28 ಜೂಮ್ ಮಾಡಿದರೂ ಉದ್ದವಾಗುವುದಿಲ್ಲ, ಧೂಳಿಗೆ ಇದು ದೊಡ್ಡ ಲಾಭ. ಆದರೆ ಎರಡರಲ್ಲೂ ಸ್ಟೆಬಿಲೈಸೇಶನ್ ಇಲ್ಲ, ಬಾಡಿಯಲ್ಲಿ ಇರಲೇಬೇಕು. ಎ6000, ಎ6400ರಂಥ ಬಾಡಿ ಇದ್ದರೆ ಈ ಜೋಡಿ ಬೇಡ. 28-200ನ ತುದಿಯಲ್ಲಿ ಮೂಲೆಗಳು ಸ್ವಲ್ಪ ಮೆತ್ತಗೆ, ಎಫ್/8ಕ್ಕೆ ಇಳಿಸಿದರೆ ದೂರುವಂಥದ್ದೇನಿಲ್ಲ. ಕೊಟ್ಟ ಹಣಕ್ಕೆ ತಕ್ಕ ಸಾಮಾನು ಎಂದರೆ ನಮ್ಮ ಲೆಕ್ಕದಲ್ಲಿ ಇದೇ ಮೊದಲು.

ನಿಕಾನ್ ಝಡ್‌ನವರಿಗೆ 14-30 ಎಫ್/4 ಎಸ್ (485 ಗ್ರಾಂ) ಮತ್ತು 24-120 ಎಫ್/4 ಎಸ್ (630 ಗ್ರಾಂ). 24-120 ಒಂದೇ ಹಿಡಿದು ಹೋದರೂ ದಿನದ ಬಹುಪಾಲು ಕೆಲಸ ಆಗುತ್ತದೆ, ಅಷ್ಟು ಚೊಕ್ಕ. 14-30ರ ಹೆಚ್ಚುಗಾರಿಕೆ 14 ಮಿ.ಮೀ. ಆದರೂ ಮುಂದೆ ಸಾಮಾನ್ಯ 82 ಮಿ.ಮೀ. ಫಿಲ್ಟರ್ ಹಾಕಬಹುದು ಎಂಬುದು. ಅಣ್ಣನಾದ 14-24 ಎಫ್/2.8ಕ್ಕೆ ಫಿಲ್ಟರ್ ಬೇಕೆಂದರೆ ಬೇರೆ ಹುಡ್ ಹಾಕಿ 112 ಮಿ.ಮೀ.ನದ್ದು ಹುಡುಕಬೇಕು. ಮಂಗಳೂರಿನ ಅಂಗಡಿ ಬಿಡಿ, ಬೆಂಗಳೂರಿನಲ್ಲೂ ಅದು ಕೌಂಟರ್ ಮೇಲೆ ಸಿಗುವ ಸಾಮಾನಲ್ಲ.

ಕ್ಯಾನನ್ ಆರ್ಎಫ್‌ಗೆ 14-35 ಎಫ್/4 ಎಲ್ (540 ಗ್ರಾಂ), 70-200 ಎಫ್/4 ಎಲ್ (695 ಗ್ರಾಂ), ಎರಡಕ್ಕೂ 77 ಮಿ.ಮೀ. ಫಿಲ್ಟರ್. 14ರಲ್ಲಿ ರಾ ಫೈಲ್ ತೆರೆದರೆ ಮೂಲೆ ಕಪ್ಪು, ಗೆರೆಗಳು ಹೊರಗೆ ಉಬ್ಬಿರುತ್ತವೆ. ಸಾಫ್ಟ್‌ವೇರ್‌ನ ತಿದ್ದುಪಡಿ ಸೇರಿಸಿಯೇ ಮಾಡಿದ ಲೆನ್ಸ್ ಅದು, ಹೆದರಬೇಕಾಗಿಲ್ಲ. 35ರಿಂದ 70ರವರೆಗಿನ ಖಾಲಿ ಜಾಗ ಅಂಚಿನ ಮೇಲೆ ಅಷ್ಟಾಗಿ ಕಾಡುವುದಿಲ್ಲ, ಸೀಳಿನೊಳಗೆ ಕಾಡುತ್ತದೆ. ಸೀಳು ಕಣಿವೆಯೇ ಮುಖ್ಯವಾದರೆ 24-105 ಎಫ್/4 ಎಲ್ ಮತ್ತು 165 ಗ್ರಾಂನ ಪುಟ್ಟ 16 ಎಫ್/2.8 ಜೋಡಿಯೇ ಮೇಲು.

ಇನ್ನೂ ಡಿಎಸ್ಎಲ್ಆರ್ ಬಳಸುವವರು ಇಲ್ಲಿ ಬೇಕಾದಷ್ಟಿದ್ದಾರೆ, ಅವರಿಗೆ ಇದು ಒಳ್ಳೆಯ ಕಾಲ. ಕ್ಯಾನನ್ ಇಎಫ್ 16-35 ಎಫ್/4 ಐಎಸ್, 615 ಗ್ರಾಂ, ಸೆಕೆಂಡ್ ಹ್ಯಾಂಡ್‌ನಲ್ಲಿ ಕೇಳಿ. ಮುಂದೆ ಮಿರರ್‌ಲೆಸ್‌ಗೆ ಹೋದರೂ ಅಡಾಪ್ಟರ್ ಹಾಕಿ ಬಳಸಬಹುದು. ಹಳೆಯ 17-40 ಎಲ್ ಅಗ್ಗವೇ, ಆದರೆ ಮುಂದೆ ಫಿಲ್ಟರ್ ಹಾಕದಿದ್ದರೆ ಅದರ ಸೀಲಿಂಗ್ ಪೂರ್ತಿ ಆಗುವುದಿಲ್ಲ. ನಿಕಾನ್‌ನಲ್ಲಿ 18-35 ಎಫ್/3.5-4.5 ಜಿ, 385 ಗ್ರಾಂ. ಸಣ್ಣ ಸೆನ್ಸರ್‌ನ ಡಿಎಕ್ಸ್ ಕ್ಯಾಮೆರಾಕ್ಕೆ ಎಎಫ್-ಪಿ 10-20 ವಿಆರ್ ಹಗುರ ಮತ್ತು ಅಗ್ಗ. ಒಂದು ಎಚ್ಚರಿಕೆ: ಡಿ90, ಡಿ7000, ಡಿ5100, ಡಿ3200ರಂಥ ಹಳೆ ಬಾಡಿಗಳಲ್ಲಿ ಎಎಫ್-ಪಿ ಲೆನ್ಸ್ ಕೆಲಸ ಮಾಡುವುದಿಲ್ಲ. ಕೊಡುವವರು ಇದನ್ನು ತಾವಾಗಿ ಹೇಳುವುದು ಕಡಿಮೆ. ಫ್ಯೂಜಿಯಲ್ಲಿ 10-24 ಎಫ್/4ರ ಡಬ್ಲ್ಯುಆರ್ ಎಂದು ಬರೆದ ಹೊಸ ಆವೃತ್ತಿಯನ್ನೇ ತೆಗೆದುಕೊಳ್ಳಿ, ಹಳೆಯದಕ್ಕೆ ಸೀಲಿಂಗ್ ಇಲ್ಲ.

ಎಫ್/2.8 ವೈಡ್ ಜೂಮ್‌ಗೆ ಒಂದೂವರೆಯಿಂದ ಎರಡು ಪಟ್ಟು ದುಡ್ಡು ಸುರಿಯಲು ಕೊಡುವ ಕಾರಣ ಸಾಮಾನ್ಯವಾಗಿ ಒಂದೇ, ಕಣಿವೆಯ ಮೇಲಿನ ಕ್ಷೀರಪಥ. ಆದರೆ ಗಲ್ಫ್ ಮರುಭೂಮಿಗೆ ಮನುಷ್ಯರು ಹೋಗುವ ಕಾಲ ನವೆಂಬರ್‌ನಿಂದ ಫೆಬ್ರವರಿ. ಆಗ ಕ್ಷೀರಪಥದ ದಟ್ಟ ಮಧ್ಯಭಾಗ ಸೂರ್ಯನ ದಿಕ್ಕಿನಲ್ಲೇ ಇದ್ದು ರಾತ್ರಿ ಮೇಲೇಳುವುದೇ ಇಲ್ಲ, ಫೆಬ್ರವರಿಯಲ್ಲಿ ಬೆಳಗಿನ ಜಾವಕ್ಕೆ ಸ್ವಲ್ಪ ಇಣುಕುತ್ತದೆ ಅಷ್ಟೆ. ಡಿಸೆಂಬರ್ ಟಿಕೆಟ್ ಕೈಯಲ್ಲಿಟ್ಟುಕೊಂಡು ಕ್ಷೀರಪಥಕ್ಕೆಂದು ಎಫ್/2.8 ಕೊಳ್ಳುವುದರಲ್ಲಿ ಅರ್ಥವಿಲ್ಲ. ಏಪ್ರಿಲ್, ಮೇಯಲ್ಲಿ ಅರಿಜೋನಾಕ್ಕೆ ಹೋಗುವವರ ಲೆಕ್ಕ ಬೇರೆ.

ಬಾಡಿಗೆಯೋ, ಖರೀದಿಯೋ

ಆ ನವೆಂಬರ್–ಫೆಬ್ರವರಿಯೇ ಇಲ್ಲಿ ಮದುವೆ, ನೇಮ, ಮೇಳದ ತಿರುಗಾಟದ ಕಾಲ. ಬಾಡಿಗೆಗೆ ಕೊಡುವವರ ಹತ್ತಿರ 70-200 ಅಷ್ಟೂ ಬುಕ್ ಆಗಿರುತ್ತದೆ. ಆಟಿಯಲ್ಲಿ (ಜುಲೈ–ಆಗಸ್ಟ್) ಕೇಳಿದರೆ ಯಾವ ಲೆನ್ಸೂ ಸಿಗುತ್ತದೆ, ಆದರೆ ಆಗ ಒಮಾನಿನಲ್ಲಿ ಬಿಸಿಲು 45 ಡಿಗ್ರಿ. ಹಾಗಾಗಿ ಬಾಡಿಗೆ ಯೋಚನೆ ಇದ್ದರೆ ಎರಡು ತಿಂಗಳ ಮೊದಲೇ ಹೇಳಿಡಿ. ದೇಶದಿಂದ ಹೊರಗೆ ಒಯ್ಯುವುದನ್ನೂ ಹೇಳಿಯೇ ಒಯ್ಯಿರಿ, ಮರಳು ಹೊಕ್ಕರೆ ರಿಪೇರಿ ಯಾರ ತಲೆಗೆ ಎಂಬುದು ಬರವಣಿಗೆಯಲ್ಲಿರಲಿ. ವಾರಕ್ಕಿಂತ ಹೆಚ್ಚಿನ ಪ್ರವಾಸಕ್ಕೆ ಸೆಕೆಂಡ್ ಹ್ಯಾಂಡ್ ಕೊಂಡು, ಬಂದ ಮೇಲೆ ಮಾರುವುದೇ ಅಗ್ಗವಾದೀತು.

ಸೆಕೆಂಡ್ ಹ್ಯಾಂಡ್ ಎಂದ ಕೂಡಲೇ ನಮ್ಮ ಕರಾವಳಿಯ ಕಾಯಿಲೆ ನೆನಪಾಗಬೇಕು: ಫಂಗಸ್. ಮಳೆಗಾಲದಲ್ಲಿ ಇಲ್ಲಿನ ಗಾಳಿಯ ತೇವ ಶೇ. 85ರ ಮೇಲೇ ಇರುತ್ತದೆ, 65–70 ದಾಟಿದರೆ ಗಾಜಿನ ಮೇಲೆ ಬೂಷ್ಟು ಬೆಳೆಯಲು ಸಾಕು. ಅಂಗಡಿಯ ಟ್ಯೂಬ್‌ಲೈಟ್‌ಗೆ ಹಿಡಿದು ನೋಡಿದರೆ ಏನೂ ತಿಳಿಯುವುದಿಲ್ಲ. ಎರಡೂ ಕ್ಯಾಪ್ ತೆಗೆದು, ಡಯಾಫ್ರಮ್ ಪೂರ್ತಿ ತೆರೆದು, ಮೊಬೈಲ್ ಟಾರ್ಚನ್ನು ಹಿಂದಿನ ಗಾಜಿಗೆ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಲೆನ್ಸನ್ನು ನಿಧಾನ ತಿರುಗಿಸುತ್ತಾ ಹೋದಂತೆ ಒಳಗಿನ ಒಂದೊಂದೇ ಗಾಜು ಬೆಳಕಿಗೆ ಬರುತ್ತದೆ. ಅಂಚಿನಿಂದ ಒಳಮುಖವಾಗಿ ಬಿಳಿ ಎಳೆ ಕವಲೊಡೆದು ಹಬ್ಬಿದ್ದರೆ ಅದೇ ಫಂಗಸ್. ಬಿಡಿ ಬಿಡಿ ಚುಕ್ಕೆಯಾದರೆ ಧೂಳು, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಇಡೀ ಗಾಜಿಗೆ ಹಾಲಿನಂಥ ಮಬ್ಬು ಇದ್ದರೆ ಬೇಡವೇ ಬೇಡ. ಫಂಗಸ್ ಒರೆಸಿದರೂ ಕೋಟಿಂಗ್ ತಿಂದ ಗುರುತು ಉಳಿಯುತ್ತದೆ, ಸೂರ್ಯ ಫ್ರೇಮಿನಲ್ಲಿರುವ ಮರುಭೂಮಿಯ ಚಿತ್ರದಲ್ಲಿ ಅದು ಮಬ್ಬಾಗಿ ಎದ್ದು ಕಾಣುತ್ತದೆ. ಆಮೇಲೆ ಮೌಂಟ್ ಸುತ್ತಲಿನ ರಬ್ಬರ್ ಉಂಗುರ ಇದೆಯೇ, ಜೂಮ್ ರಿಂಗ್ ತಿರುಗಿಸಿದಾಗ ಮರಳು ಅರೆದ ಸದ್ದು ಬರುತ್ತದೆಯೇ ನೋಡಿ. ಬೀಚ್ ಪ್ರಿ-ವೆಡ್ಡಿಂಗ್‌ಗೆ ದುಡಿದ ಲೆನ್ಸ್‌ಗಳಲ್ಲಿ ಇದು ಮಾಮೂಲು.

ಗಾಜು ಸರಿಯಿದ್ದರೂ ಒಳಗೆ ಒಂದು ತುಂಡು ವಾರೆಯಾಗಿ ಕೂತಿರಬಹುದು. ಪರೀಕ್ಷೆಗೆ ಕೆಂಪುಕಲ್ಲಿನ ಕಾಂಪೌಂಡ್ ಗೋಡೆಗಿಂತ ಒಳ್ಳೆಯ ಚಾರ್ಟ್ ಬೇರೆ ಬೇಡ. ಗಾರೆ ಹಚ್ಚದ ಮುರಕಲ್ಲಿನ ಗೋಡೆಯಲ್ಲಿ ನೇರ ಸಾಲುಗಳಿರುತ್ತವೆ, ಕಲ್ಲಿನ ತೂತುಗಳು ಸಣ್ಣ ವಿವರ ಕೊಡುತ್ತವೆ. ಎರಡು ಮೀಟರ್ ದೂರದಲ್ಲಿ ಟ್ರೈಪಾಡ್ ಇಟ್ಟು ಕ್ಯಾಮೆರಾ ಗೋಡೆಗೆ ಸಮಾನಾಂತರವಾಗಿರಲಿ. ಎಫ್/4ರಲ್ಲಿ ಒಂದು, ಎಫ್/8ರಲ್ಲಿ ಒಂದು, ಎರಡು ಸೆಕೆಂಡ್ ಟೈಮರ್‌ನಲ್ಲಿ. ನಾಲ್ಕು ಮೂಲೆಯನ್ನೂ ಶೇ. 100ಕ್ಕೆ ಹಿಗ್ಗಿಸಿ ಹೋಲಿಸಿ. ನಾಲ್ಕೂ ಒಂದೇ ರೀತಿ ಮೆತ್ತಗಿದ್ದರೆ ಅದು ಲೆನ್ಸ್‌ನ ಗುಣ. ಒಂದು ಮೂಲೆ ಮಾತ್ರ ಎಫ್/8ರಲ್ಲೂ ಮಸುಕಾಗಿದ್ದರೆ ವಾರೆ, ಹಿಂದೆ ಕೊಡಿ. ಅಲುಗಿಸದೆ ಇನ್ನೊಮ್ಮೆ ತೆಗೆದು ಖಾತ್ರಿ ಮಾಡಿಕೊಳ್ಳಿ, ಕ್ಯಾಮೆರಾವೇ ಸೊಟ್ಟ ಇದ್ದರೂ ಹೀಗೇ ಕಾಣುತ್ತದೆ.

ಕಣಿವೆಯ ಬೆಳಕಿಗೆ ಕೈ ಪಳಗಿಸಲು ಕೆಲಸ ನಿಂತ ಕೆಂಪುಕಲ್ಲಿನ ಕೋರೆಗಳು ಈ ಎರಡೂ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ನೇರ ಕೊಯ್ದ ಕೆಂಪು ಗೋಡೆ, ಮೇಲೆ ಸುಡುವ ಬಿಸಿಲು, ಕೆಳಗೆ ನೆರಳು: ಬ್ರಾಕೆಟಿಂಗ್ (ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ತೆಗೆಯುವುದು) ಕಲಿಯಲು ಇದಕ್ಕಿಂತ ಹತ್ತಿರದ ಜಾಗವಿಲ್ಲ. ಜಾಗದವರನ್ನು ಕೇಳಿ, ನೀರು ಆರಿದ ಫೆಬ್ರವರಿಯಿಂದ ಮೇಯೊಳಗೆ ಮಾತ್ರ ಇಳಿಯಿರಿ. ಮಳೆ ನೀರು ತುಂಬಿದ ಕೋರೆ ಜೀವ ತೆಗೆಯುತ್ತದೆ. ನಿಜವಾದ ಕಣಿವೆಯೇ ಬೇಕೆಂದರೆ ಆಂಧ್ರದ ಗಂಡಿಕೋಟೆ ಇದೆ. ನಮ್ಮ ನಂದಿ ಬೆಟ್ಟದ ಬಳಿ ಹುಟ್ಟಿದ ಪೆನ್ನಾರ್ ಕಡಪ ಜಿಲ್ಲೆಯಲ್ಲಿ ಕೆಂಪು ಬಂಡೆ ಕೊರೆದ ಜಾಗ, 16-35 ಮತ್ತು 70-200 ಎರಡಕ್ಕೂ ಕೆಲಸ ಕೊಡುತ್ತದೆ.

ಫಿಲ್ಟರ್, ಫೋಕಸ್, ಬಿಸಿಗಾಳಿ

ಪೋಲರೈಸರ್ ಒಂದು ಇರಲಿ, ಆದರೆ ವೈಡ್‌ನಲ್ಲಿ ಆಕಾಶ ಇದ್ದಾಗ ಬೇಡ. ಸೂರ್ಯನಿಂದ 90 ಡಿಗ್ರಿ ದಿಕ್ಕಿನ ಆಕಾಶವಷ್ಟೇ ಅದರಿಂದ ಗಾಢವಾಗುತ್ತದೆ. 16 ಮಿ.ಮೀ.ನ ಫ್ರೇಮಿನೊಳಗೆ ಆ ಪಟ್ಟಿಯೂ ಅದರ ಆಚೀಚೆಯೂ ಬಂದು ಆಕಾಶದ ನಡುವೆ ಕಪ್ಪು ಮೋಡದಂಥ ಕಲೆ ಆಗುತ್ತದೆ, ಎಡಿಟಿಂಗ್‌ನಲ್ಲಿ ಸರಿಮಾಡುವುದು ತಲೆನೋವು. 35ರ ಮೇಲೆ, ಹೊಳೆಯುವ ಬಂಡೆಗೆ, ಒದ್ದೆ ಕಲ್ಲಿಗೆ ಅದು ಬಹಳ ಉಪಕಾರಿ. ಸೀಳಿನೊಳಗೆ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಬೆಳಕು ತಿನ್ನುವುದಷ್ಟೇ ಅದರ ಕೆಲಸ, ತೆಗೆದಿಡಿ.

ಯುವಿ ಫಿಲ್ಟರ್ ಡಿಜಿಟಲ್‌ಗೆ ಬೇಡ ಎನ್ನುವುದು ಸರಿಯೇ, ಆದರೂ ಮರಳಿನ ಗಾಳಿಯಲ್ಲಿ ಹಾಕಿರಿ. ಮರಳು ಎಂದರೆ ಕ್ವಾರ್ಟ್ಜ್, ಗಡಸುತನ ಮೋಸ್ ಅಳತೆಯಲ್ಲಿ 7, ಗಾಜಿನದು 5.5ರ ಆಸುಪಾಸು. ಶರ್ಟಿನ ಅಂಚಿನಿಂದ ಒಮ್ಮೆ ಒರೆಸಿದರೆ ಗೀರು ಬಿದ್ದಂತೆಯೇ. ಸೂರ್ಯ ಫ್ರೇಮಿನೊಳಗೆ ಬರುವಾಗ ಫಿಲ್ಟರ್ ಬಿಚ್ಚಿ, ಇಲ್ಲದಿದ್ದರೆ ಹಸಿರು ಪ್ರತಿಬಿಂಬ ಮೂಡುತ್ತದೆ. ಹಿತ್ತಾಳೆ ರಿಂಗ್‌ನದ್ದೇ ಕೊಳ್ಳಿ, ಅಲ್ಯೂಮಿನಿಯಂ ರಿಂಗ್ ಮರಳು ಸೇರಿ ಕಚ್ಚಿಕೊಂಡರೆ ಬಿಚ್ಚಲು ಹರಸಾಹಸ.

ಫೋಕಸ್‌ಗೆ ಎಫ್/11ರಲ್ಲಿ ಹೈಪರ್‌ಫೋಕಲ್ ದೂರ 16 ಮಿ.ಮೀ.ಗೆ ಸುಮಾರು 80 ಸೆಂ.ಮೀ., 24ಕ್ಕೆ 1.8 ಮೀಟರ್, 35ಕ್ಕೆ 3.7, 70ಕ್ಕೆ ಹತ್ತಿರ ಹತ್ತಿರ 15 ಮೀಟರ್. ಅಲ್ಲಿಗೆ ಫೋಕಸ್ ಮಾಡಿದರೆ ಅದರ ಅರ್ಧ ದೂರದಿಂದ ಕೊನೆಯವರೆಗೆ ಚೂಪು ಬರಬೇಕು. ಬರಬೇಕು ಎಂದದ್ದು ಯಾಕೆಂದರೆ ಈ ಲೆಕ್ಕ ಹಳೆಯ ಸಣ್ಣ ಪ್ರಿಂಟಿನ ಅಳತೆಯದು. 45 ಮೆಗಾಪಿಕ್ಸೆಲ್‌ನಲ್ಲಿ ದೂರದ ಗೋಡೆ ಸ್ವಲ್ಪ ಮೆತ್ತಗೆ ಕಾಣುತ್ತದೆ. ಎಫ್/16, 22ಕ್ಕೆ ಇಳಿಸಿದರೆ ಸಣ್ಣ ರಂಧ್ರದಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮಂಕು. ಎಫ್/8ರಲ್ಲಿ ಹತ್ತಿರದ ಕಲ್ಲಿಗೊಂದು, ದೂರದ ಗೋಡೆಗೊಂದು ತೆಗೆದು ಸೇರಿಸುವುದೇ ಉತ್ತಮ.

ವೈಡ್ ಇಲ್ಲದಿದ್ದರೂ ಅಂಚಿನ ಮೇಲೆ ಪನೋರಮಾ ಆಗುತ್ತದೆ: 35ರಲ್ಲಿ ಕ್ಯಾಮೆರಾ ಲಂಬವಾಗಿ ಹಿಡಿದು, ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮ್ಯಾನ್ಯುವಲ್ ಮಾಡಿ, ಮೂರನೇ ಒಂದು ಪಾಲು ಒಂದರ ಮೇಲೊಂದು ಬರುವಂತೆ ತೆಗೆಯಿರಿ. ಸೀಳಿನೊಳಗೆ ಇದು ನಡೆಯದು, ಹತ್ತಿರದ ಗೋಡೆಗಳು ಶಾಟ್‌ನಿಂದ ಶಾಟ್‌ಗೆ ಜಾಗ ಬದಲಿಸಿ ಹೊಲಿಗೆ ತಪ್ಪುತ್ತದೆ.

ಮಧ್ಯಾಹ್ನ 200 ಮಿ.ಮೀ.ನಲ್ಲಿ ದೂರದ ಗೋಡೆ ತೆಗೆದು "ಲೆನ್ಸ್ ಶಾರ್ಪ್ ಇಲ್ಲ" ಎಂದು ಬೈಯುವವರು ಬಹಳ. ಕಾದ ನೆಲದಿಂದ ಏಳುವ ಬಿಸಿಗಾಳಿ ಬೆಳಕನ್ನು ಅಲುಗಿಸುತ್ತದೆ, ಯಾವ ದುಬಾರಿ ಲೆನ್ಸೂ ಅದನ್ನು ತಿದ್ದಲಾರದು. ಟೆಲಿ ಕೆಲಸ ಸೂರ್ಯೋದಯದ ನಂತರದ ಮೊದಲ ಒಂದು ಗಂಟೆಗೆ ಇಟ್ಟುಕೊಳ್ಳಿ.

ಹೋಗುವಾಗ, ಬರುವಾಗ

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಗಲ್ಫ್‌ಗೆ ಹಾರುವ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ. ಬಾಡಿ, ಎರಡು ಎಫ್/4 ಲೆನ್ಸ್, ಚಾರ್ಜರ್ ಎಲ್ಲ ಸೇರಿ ಮೂರು ಕಿಲೋದೊಳಗೆ ಮುಗಿಯುತ್ತದೆ. ಮೂರು ಎಫ್/2.8 ಜೂಮ್ ಆದರೆ ಲ್ಯಾಪ್‌ಟಾಪ್ ಚೆಕ್-ಇನ್‌ಗೆ ಹೋಗಬೇಕಾದೀತು. ಬಿಡಿ ಬ್ಯಾಟರಿ ಕೈಚೀಲದಲ್ಲೇ, ಟ್ರೈಪಾಡ್ ಚೆಕ್-ಇನ್‌ನಲ್ಲಿ. ಹೊರಡುವಾಗ ಕಸ್ಟಮ್ಸ್‌ನಲ್ಲಿ ಸೀರಿಯಲ್ ನಂಬರ್ ಸಹಿತ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಹಿಂತಿರುಗುವಾಗ ನಿಮ್ಮದೇ ಲೆನ್ಸ್‌ಗೆ ಸುಂಕದ ಪ್ರಶ್ನೆ ಬರುವುದಿಲ್ಲ. ಅದಕ್ಕೆ ಒಂದು ಗಂಟೆ ಮುಂಚೆ ಹೋಗಿ. ದುಬೈಯಲ್ಲಿ ಅಗ್ಗವೆಂದು ಕೊಳ್ಳುವ ಮೊದಲು ಇಲ್ಲಿ ವಾರಂಟಿ ನಡೆಯುತ್ತದೆಯೇ ಎಂದು ಆ ಬ್ರಾಂಡಿನ ಭಾರತದ ಸರ್ವಿಸ್‌ನವರನ್ನು ಕೇಳಿ.

ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಬ್ಬಾಗುವುದು ನಮಗೆ ಹೊಸತಲ್ಲ. ಮಸ್ಕತ್, ದುಬೈ ಸಮುದ್ರದ ಊರುಗಳು, ಅಲ್ಲೂ ಹಾಗೇ. ಬ್ಯಾಗ್‌ನ ಜಿಪ್ ತೆರೆಯದೆ ಅರ್ಧ ಗಂಟೆ ಹೊರಗಿಡಿ. 2,000 ಮೀಟರ್ ಎತ್ತರದ ಜೆಬೆಲ್ ಶಮ್ಸ್ ಅಂಚಿನಲ್ಲಿ ಗಾಳಿ ಒಣ, ಅಲ್ಲಿ ಈ ಕಾಟ ಕಡಿಮೆ. ಬದಲಿಗೆ ಚಳಿಗಾಲದ ರಾತ್ರಿಯ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಒಂದನ್ನು ಒಳ ಅಂಗಿಯ ಕಿಸೆಯಲ್ಲಿಡಿ.

ಮನೆಗೆ ಬಂದ ಮೇಲೆ ಲೆನ್ಸನ್ನು ಹಾಗೇ ಡ್ರೈ ಕ್ಯಾಬಿನೆಟ್‌ಗೆ ಸೇರಿಸಬೇಡಿ. ಮೊದಲು ಹುಡ್ ಬಿಚ್ಚಿ ಅದರ ಬಯೊನೆಟ್ ತೋಡಿನಲ್ಲಿ ಕೂತ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಜೂಮ್ ಪೂರ್ತಿ ಹೊರಗೆಳೆದು, ಲೆನ್ಸ್ ಬಾಯಿ ಕೆಳಗೆ ಮಾಡಿ, ರಬ್ಬರ್ ಬ್ಲೋವರ್‌ನಿಂದ ಕೊಳವೆಯ ಸುತ್ತ ಊದಿ. ಡಬ್ಬಿಯ ಗ್ಯಾಸ್ ಬೇಡ, ಅದರ ಒತ್ತಡ ಮರಳನ್ನು ಒಳಗೇ ತಳ್ಳುತ್ತದೆ. ಮೌಂಟ್‌ನ ಲೋಹವನ್ನು ಒಣ ಬಟ್ಟೆಯಿಂದ, ಗಾಜನ್ನು ಊದಿದ ನಂತರ ಮಾತ್ರ ಲೆನ್ಸ್ ದ್ರಾವಣ ಹಾಕಿದ ಟಿಶ್ಯೂವಿನಿಂದ ನಡುವಿನಿಂದ ಹೊರಕ್ಕೆ ಒರೆಸಿ. ಬ್ಯಾಗ್‌ನ ಸ್ಪಂಜು ಗೋಡೆಗಳನ್ನು ಕಿತ್ತು ವ್ಯಾಕ್ಯೂಮ್ ಮಾಡಿ, ಮುಂದಿನ ನೇಮಕ್ಕೆ ಹೋಗುವಾಗ ಮರಳು ಅಲ್ಲಿಂದಲೇ ಮತ್ತೆ ಹತ್ತುವುದು. ಕ್ಯಾಬಿನೆಟ್‌ನ ತೇವ 40ರಿಂದ 50ರ ನಡುವೆ ಇರಲಿ. ಕ್ಯಾಬಿನೆಟ್ ಇಲ್ಲದವರಿಗೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಣ್ಣ ಹೈಗ್ರೋಮೀಟರ್, ಅರ್ಧ ಕಿಲೋ ಸಿಲಿಕಾ ಜೆಲ್ ಸಾಕು. ಬಣ್ಣ ಬದಲಾದ ಜೆಲ್ಲನ್ನು ಓವನ್‌ನಲ್ಲಿ 110–120 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಜೂಮ್ ರಿಂಗ್‌ನಲ್ಲಿ ಇನ್ನೂ ಕರಕರ ಇದ್ದರೆ ಏಪ್ರಿಲ್‌ನೊಳಗೆ ಸರ್ವಿಸ್‌ಗೆ ಕೊಡಿ, ಜೂನ್‌ನಲ್ಲಿ ಲೆನ್ಸ್ ಬಿಚ್ಚಿಸಿದರೆ ಮಳೆಗಾಲದ ತೇವವೂ ಒಳಗೆ ಸೇರಿಕೊಂಡೇ ಮುಚ್ಚುತ್ತದೆ.